ಅಪ್ಪಣೆ ಕೇಳದ ಬೆರಿಲ್

ವಿಂಚ್‌ಲೀ ಊರಿನಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದರೆ, ತುಳಿಸಿಕೊಂಡವರೇ ಮೊದಲು ಕ್ಷಮೆ ಕೇಳುತ್ತಾರೆ. ಅಂಗಡಿಯವನು ಹಳಸಿದ ಬ್ರೆಡ್ಡು ಕೊಟ್ಟರೆ ವಾಪಸು ತರುವ ಮಾತೇ ಇಲ್ಲ. ಅದನ್ನು ಹಿತ್ತಲಲ್ಲಿ ಬಾತುಕೋಳಿಗಳಿಗೆ ಹಾಕಿ, ಮರುದಿನ ಅದೇ ಅಂಗಡಿಗೆ ಹೋಗಿ, ಅದೇ ಅಂಗಡಿಯವನಿಗೆ ಥ್ಯಾಂಕ್ಸ್ ಹೇಳಿ ಇನ್ನೊಂದು ಕೊಳ್ಳುತ್ತಾರೆ. ಇಂಥ ಊರಿಗೆ ಬೆರಿಲ್ ಪೆಲ್ಲಿಂಗ್ ಸೊಸೆಯಾಗಿ ಬಂದಳು. ಬಂದ ವಾರದಲ್ಲೇ ಬ್ರೆಡ್ಡನ್ನು ಅಂಗಡಿಯ ಕಟ್ಟೆಯ ಮೇಲೆ ಕುಕ್ಕಿ, "ಇದನ್ನ ನೀವ ತಿಂತೀರೇನು?" ಎಂದು ಕೇಳಿದಳು. ಅಲ್ಲಿದ್ದವರೆಲ್ಲ ಏಕಕಾಲಕ್ಕೆ ಕಿಟಕಿಯತ್ತ ತಿರುಗಿ ಮಳೆ ಬರುವ ಹಾಗಿದೆಯೇ ಎಂದು ನೋಡತೊಡಗಿದರು.

ಬೆರಿಲ್ ಉತ್ತರದವಳು, ಯಾರ್ಕ್‌ಶೈರಿನ ಉಣ್ಣೆ ಗಿರಣಿಗಳ ಊರಿನವಳು. ವಿಂಚ್‌ಲೀ ಇರುವುದು ದಕ್ಷಿಣದ ಸಸೆಕ್ಸಿನಲ್ಲಿ. ಮೈಸೂರಿನ ಮನೆಗೆ ಹುಬ್ಬಳ್ಳಿ ಕಡೆಯ ಸೊಸೆ ಬಂದ ಹಾಗೆ ಎಂದುಕೊಂಡರೆ ಅರ್ಧ ಕಥೆ ಹೇಳಿದ ಹಾಗೆಯೇ. ಅವಳ ಗಂಡ ಕ್ಲೈವ್ ಬಡಗಿ. ಮೇಜಿಗೆ ಮೊಣಕಾಲು ಬಡಿದರೆ ಮೇಜಿಗೇ ಸಾರಿ ಹೇಳುವ ಜಾತಿ. ಅವಳ ಊರಿನ ಚರ್ಚಿನ ಬೆಂಚುಗಳ ರಿಪೇರಿಗೆಂದು ಹೋದವನು, ಗಿರಣಿಯ ಊಟದ ಮನೆಯಲ್ಲಿ ಬಡಿಸುತ್ತಿದ್ದ ಈ ಹುಡುಗಿಯ ಹತ್ತಿರ ಬೆಂಚುಗಳ ಕೆಲಸ ಮುಗಿಯುವವರೆಗೂ ಹವಾಮಾನದ ವಿಷಯವನ್ನೇ ಮಾತಾಡಿದ. ಕಡೆಗೆ ಬೆರಿಲ್ಲೇ ಸೌಟು ಕೆಳಗಿಟ್ಟು, "ಮದುವಿ ಮಾತು ನೀ ತಗೀತೀಯೋ, ನಾನ ತಗೀಲೋ?" ಎಂದಳಂತೆ. ಕ್ಲೈವ್ ಇವತ್ತಿಗೂ ಅದನ್ನು ನೆನೆದು ಕೆಂಪಗಾಗುತ್ತಾನೆ.

ಊರಿನವರು ಅವಳನ್ನು ಬೈಯಲಿಲ್ಲ. ಬೈಯುವುದು ಅವರಿಗೆ ಬರುವುದೂ ಇಲ್ಲ. ನಗುತ್ತಲೇ ಒಂದು ಮಾರು ದೂರ ನಿಂತರು, ಅಷ್ಟೇ. "ಕ್ಲೈವನ ಉತ್ತರದ ಹೆಂಡತಿ" ಎಂಬ ಹೆಸರು ಬಿತ್ತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳಿಗೆ ಆಲೂಗಡ್ಡೆ, ಬಟಾಣಿ ಬಡಿಸಿ, ಪಾತ್ರೆ ತೊಳೆದಿಟ್ಟು ಹೊರಬಿದ್ದರೆ ಮಾತಾಡಲು ಒಂದು ನರಪಿಳ್ಳೆ ಇರುತ್ತಿರಲಿಲ್ಲ. ಆ ಮೊದಲ ಚಳಿಗಾಲ ಬೆರಿಲ್‌ಗೆ ನಿಜಕ್ಕೂ ಕಷ್ಟವಾಯಿತು. ಒಬ್ಬಳೇ ಅತ್ತದ್ದೂ ಉಂಟು. ಆಮೇಲೆ ಕಣ್ಣೊರೆಸಿಕೊಂಡು, ಕ್ಲೈವನ ಹಳೆಯ ಬೂಟು ಹಾಕಿಕೊಂಡು ನಡೆಯಲು ಹೊರಟಳು.

ಹಾಗೆ ಅವಳಿಗೆ ಆ ಸುತ್ತು ಸಿಕ್ಕಿತು. ಚರ್ಚಿನ ಹಿಂದಿನ ಗೋರಿಗಳ ನಡುವೆ ಹೊರಟು, ಬೇಲಿಯ ತಡಮೆ ಹತ್ತಿ ಇಳಿದು, ಕುರಿಗಳ ಹೊಲ ಹಾಯ್ದು ಬ್ರಾಕ್ ಕಾಡಿನ ಗೇಟಿಗೆ ಬರಬೇಕು. ಕಾಡಿನೊಳಗೆ ಬೀಚ್ ಮರಗಳ ಕೆಳಗೆ ದಾರಿ ಇಳಿಯುತ್ತದೆ. ಹಿಂದಿನ ಕಾಲದಲ್ಲಿ ಕಬ್ಬಿಣ ಬಡಿಯುವ ದೊಡ್ಡ ಸುತ್ತಿಗೆಗೆ ನೀರು ಕೊಡಲೆಂದು ಕಟ್ಟಿದ ಸುತ್ತಿಗೆಕೆರೆಯ ಏರಿಯ ಮೇಲೆ ಸಾಗಿ, ಎರಡೂ ಬದಿ ಬೇರು ಜೋತ ಹಳ್ಳದಂಥ ಓಣಿಯಲ್ಲಿ ಮೇಲೇರಿದರೆ, 'ನೇಗಿಲು' ಪಬ್ಬಿನ ಹಿಂಬಾಗಿಲಿಗೇ ಬಂದು ನಿಲ್ಲುತ್ತೀರಿ. ಚರ್ಚಿನಲ್ಲಿ ಹೊರಟು ಪಬ್ಬಿನಲ್ಲಿ ಮುಗಿಯುವ ಈ ಏರ್ಪಾಡು ಬೆರಿಲ್‌ಗೆ ಬಹಳ ಹಿಡಿಸಿತು. ಊರಿನಲ್ಲಿ ಇಷ್ಟು ಬುದ್ಧಿವಂತಿಕೆಯಿಂದ ಯಾರಾದರೂ ಏನಾದರೂ ಮಾಡಿದ್ದರೆ ಅದು ಇದೊಂದೇ ಎಂದು ಕ್ಲೈವನಿಗೆ ಹೇಳಿದಳು. ದಿನವೂ ನಡೆದಳು. ಕಾಡು ಮೇಜರ್ ಹೋಲ್‌ಫರ್ಡ್ ಎಂಬವರದ್ದು ಎಂದು ಅವಳಿಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಗೊತ್ತಾದ ಮೇಲೂ ಅವಳ ನಡಿಗೆಯಲ್ಲಿ ಏನೂ ಬದಲಾಗಲಿಲ್ಲ. ಎದುರಾದರೆ ಮೇಜರ್ ಟೋಪಿ ಎತ್ತುತ್ತಿದ್ದರು, ಅವಳು "ನಮಸ್ಕಾರ್ರೀ" ಎಂದು ಮುಂದೆ ಹೋಗುತ್ತಿದ್ದಳು.

ಎರಡನೆಯ ವರ್ಷದ ಕ್ರಿಸ್‌ಮಸ್ ಮರುದಿನ ಒಂದು ಘಟನೆ ನಡೆಯಿತು. ಹಿಂದಿನ ದಿನ ಟರ್ಕಿ ಕೋಳಿ, ಕಡುಬು ತಿಂದು ಕ್ಲೈವನ ಬಂಧುಬಳಗವೆಲ್ಲ ಬೆಂಕಿಯ ಮುಂದೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿತ್ತು. ಬೆರಿಲ್ ನಡುಮನೆಗೆ ಬಂದು ನಿಂತಳು. "ಏಳ್ರಿ ಎಲ್ಲಾರೂ. ತಿಂದದ್ದು ಹೊಟ್ಟಿಯೊಳಗ ಬೇರು ಬಿಡೂಕಿಂತ ಮೊದಲ ನಡೀರಿ." ಬೇಡ ಎನ್ನುವುದು ಅಸಭ್ಯವಾದೀತೆಂದು ಎಲ್ಲರೂ ಎದ್ದರು. ಕಾಡಿನಲ್ಲಿ ಬಿದ್ದು ಎದ್ದು, ಕೆಸರಾಗಿ, ನಕ್ಕು ನಕ್ಕು ಪಬ್ಬು ಸೇರಿದರು. ಮರುವರ್ಷ ಪಕ್ಕದ ಮನೆಯವರು ಸೇರಿಕೊಂಡರು. ಅದರ ಮರುವರ್ಷ ಬೀದಿಯೇ ಸೇರಿತು. ಕೊನೆಕೊನೆಗೆ ಇಡೀ ಊರು ಚರ್ಚಿನ ಮುಂದೆ ನೆರೆದು ಬೆರಿಲ್‌ಗೆ ಕಾಯುವಂತಾಯಿತು. ಮೇಜರ್ ಕೂಡ ಊರುಗೋಲು ಹಿಡಿದು ಸಾಲಿನ ಬಾಲದಲ್ಲಿ ಬರತೊಡಗಿದರು. ಹೊಸದಾಗಿ ಮನೆ ಕೊಂಡು ಬಂದವರಿಗೆ ಊರಿನವರು, "ಇದು ತುಂಬ ಹಳೇ ಕಾಲದ ಪದ್ಧತಿ" ಎಂದು ಹೇಳುತ್ತಿದ್ದರು. ಬೆರಿಲ್ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಅವಳ ಬದುಕಿನಲ್ಲಿ ಅವಳು ಸುಮ್ಮನಿದ್ದ ಸಂದರ್ಭ ಬಹುಶಃ ಅದೊಂದೇ, ಯಾಕೆಂದರೆ ಒಳಗೊಳಗೇ ಅಷ್ಟು ಖುಷಿಯಾಗುತ್ತಿತ್ತು.

ಹೀಗೆ ಅವಳ ಕೂದಲು ಬೆಳ್ಳಗಾಯಿತು. ಶಾಲೆಯ ಅಡುಗೆಮನೆಯಿಂದ ನಿವೃತ್ತಿಯಾಯಿತು. ಮೇಜರ್ ತೀರಿಕೊಂಡರು. ಅವರ ಸೋದರಳಿಯ ಕಾಡನ್ನು ಲಂಡನ್ನಿನ ಗೈ ಥರ್ಲ್‌ಬಿ ಎಂಬಾತನಿಗೆ ಮಾರಿ ಕೈತೊಳೆದುಕೊಂಡ. ಒಂದು ಮಧ್ಯಾಹ್ನ ಬೆರಿಲ್ ಹೊಲ ಹಾಯ್ದು ಬಂದರೆ ಕಾಡಿನ ಗೇಟಿಗೆ ಬೀಗ. ಮೇಲೆ 'ಖಾಸಗಿ' ಎಂಬ ಹಲಗೆ.

ಗೇಟು ಮುಚ್ಚಿದರೆ ಸುತ್ತು ಸುತ್ತಾಗಿ ಉಳಿಯುವುದಿಲ್ಲ. ಹೊಲದಿಂದಲೇ ಹಿಂದಕ್ಕೆ ಬರಬೇಕು, ಇಲ್ಲವೇ ಲಾರಿಗಳು ಮೈಮೇಲೆ ಬರುವ ದೊಡ್ಡ ರಸ್ತೆ ಹಿಡಿಯಬೇಕು. ಹೋದ ದಾರಿಯಲ್ಲೇ ವಾಪಸು ಬರುವುದೆಂದರೆ ಏನೋ ಮರೆತು ಬಂದವರ ಓಡಾಟ, ಅದು ನಡಿಗೆಯಲ್ಲ ಎನ್ನುವುದು ಬೆರಿಲಳ ಅಭಿಪ್ರಾಯ. ಅದಕ್ಕಿಂತ ಹೆಚ್ಚಾಗಿ, ಈ ಊರಿಗೆ ತಾನು ಕೊಟ್ಟದ್ದು ಅಂತ ಇದ್ದದ್ದು ಆ ಸುತ್ತು ಮಾತ್ರ. ಅದೂ ಹೋದರೆ ತಾನು ಮತ್ತೆ ಆ ಮೊದಲ ಚಳಿಗಾಲದ ಹೆಂಗಸೇ ಎಂದು ಅವಳಿಗೆ ಅನ್ನಿಸಿತು.

ಥರ್ಲ್‌ಬಿ ಕೆಟ್ಟವನೇನಲ್ಲ. ಪಬ್ಬಿಗೆ ತಾನೇ ಬಂದು, ಎಲ್ಲರ ಎದುರಿಗೆ ನಯವಾಗಿ ಹೇಳಿದ. "ನಾನು ಯಾರನ್ನೂ ತಡೀತಾ ಇಲ್ಲ. ನಡೀಬೇಕು ಅಂದ್ರೆ ನನ್ನನ್ನ ಒಂದು ಮಾತು ಕೇಳಿ, ಸಾಕು. ಬೀಗದ ಕೈ ಕೊಡ್ತೀನಿ."

ಊರಿನವರ ಮುಖ ಅರಳಿತು. ಇದಕ್ಕಿಂತ ಸಭ್ಯವಾದ ಮಾತು ಬೇಕೇ? ಗ್ರಾಮ ಮಂಡಳಿಯ ಅಧ್ಯಕ್ಷ, ನಿವೃತ್ತ ಪಶುವೈದ್ಯ ಹಂಫ್ರಿ ಟಾಪ್‌ಸೆಲ್ ಆಗಲೇ ಥ್ಯಾಂಕ್ಸ್ ಹೇಳಲು ಬಾಯಿ ತೆರೆದಿದ್ದರು.

"ಹಂಫ್ರಿ, ಬಾಯಿ ಮುಚ್ರಿ" ಎಂದಳು ಬೆರಿಲ್. "ಇವತ್ತ ಕೇಳಿದ್ರ ನಾಳೆ ಅವರು ಒಲ್ಲೆ ಅನಬಹುದು. ನಮ್ಮ ದಾರಿ ನಾವ್ಯಾಕ ಕೇಳೂಣು?"

ಹಂಫ್ರಿ ವಕೀಲರನ್ನು ವಿಚಾರಿಸಿದಾಗ, ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ ಎಂದು ತಿಳಿಯಿತು. ಇಪ್ಪತ್ತು ವರ್ಷ ಜನ ಕದ್ದುಮುಚ್ಚದೆ, ಬೀಗ ಮುರಿಯದೆ, ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿದ್ದರೆ ದಾರಿ ಜನರದ್ದು. ಅಪ್ಪಣೆ ಕೇಳಿ ಓಡಾಡಿದ್ದರೆ ಅದು ಯಜಮಾನನ ದಯೆ. ಅವನು ಬೇಕೆಂದಾಗ ಕೊಡುತ್ತಾನೆ, ಬೇಡವೆಂದಾಗ ಕಿತ್ತುಕೊಳ್ಳುತ್ತಾನೆ. ಊರಿನವರು ಅರ್ಜಿ ಹಾಕಿದರು. ಸರ್ಕಾರದಿಂದ ಒಬ್ಬ ಅಧಿಕಾರಿ ಬಂದು, ಊರಿನ ಸಭಾಭವನದಲ್ಲೇ ಸಾಕ್ಷಿ ಕೇಳುವುದೆಂದು ಗೊತ್ತಾಯಿತು.

ವಿಚಾರಣೆಗೆ ಕೆಲವು ದಿನ ಮೊದಲು ಹಂಫ್ರಿ ಬೆರಿಲಳ ಮನೆಗೆ ಚಹಾಕ್ಕೆ ಬಂದರು. ಬಿಸ್ಕತ್ತು ಹೊಗಳಿದರು, ಪರದೆ ಹೊಗಳಿದರು, ಬೆಕ್ಕನ್ನೂ ಹೊಗಳಿದರು. ಬೆರಿಲ್‌ಗೆ ಅನುಮಾನ ಹತ್ತಿತು.

"ಬಂದ ಕೆಲಸ ಹೇಳ್ರಿ."

"ಏನಿಲ್ಲ ಬೆರಿಲ್. ಸಾಕ್ಷಿ ಹೇಳೋ ಶ್ರಮ ನಿಮಗ್ಯಾಕೆ ಅಂತ. ನಾನಿದೀನಿ, ರೋಸಮಂಡ್ ಇದಾರೆ. ಅಧಿಕಾರಿಗಳ ಮುಂದೆ ಸ್ವಲ್ಪ ನಯವಾಗಿ… ನೀವು ಹಿಂದುಗಡೆ ಕೂತ್ಕೊಂಡಿದ್ರೂ ನಮಗೆ ದೊಡ್ಡ ಬಲ."

"ನನ್ನ ಬಾಯಿಗೆ ಹೆದರೀರಿ ಅಂತ ಸೀದಾ ಹೇಳ್ರಿ."

ಹಂಫ್ರಿ ಬೆಕ್ಕನ್ನು ಇನ್ನೊಂದು ಸಲ ಹೊಗಳಿ ಹೊರಟುಹೋದರು. ಬೆರಿಲ್ ಬಟ್ಟಲು ತೊಳೆಯತೊಡಗಿದಳು. ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು. ಅವಳು ಕಟ್ಟಿದ ಮೆರವಣಿಗೆಯ ವ್ಯಾಜ್ಯದಲ್ಲಿ ಅವಳಿಗೇ ಬಾಯಿಲ್ಲ. ಕ್ಲೈವ್ ಪಕ್ಕದಲ್ಲಿ ನಿಂತು, ಒರೆಸಿದ ಬಟ್ಟಲನ್ನೇ ಮತ್ತೆ ಮತ್ತೆ ಒರೆಸಿದ.

ವಿಚಾರಣೆಯ ದಿನ ಸಭಾಭವನ ತುಂಬಿತ್ತು. ಕನ್ನಡಕದ ಹೆಂಗಸೊಬ್ಬರು ಅಧಿಕಾರಿಯಾಗಿ ಬಂದಿದ್ದರು. ಥರ್ಲ್‌ಬಿಯ ಪರವಾಗಿ ಬಂದಿದ್ದ ವಕೀಲ ಎಳೆ ವಯಸ್ಸಿನವನು, ನಗುಮುಖದವನು, ಊರಿನವರ ನಾಡಿ ಬಲ್ಲವನು. ಹಂಫ್ರಿ ತಮ್ಮ ಸಾಕ್ಷಿಗಳಿಗೆಲ್ಲ ಮೊದಲೇ ಬುದ್ಧಿ ಹೇಳಿದ್ದರು: ಸತ್ಯ ಹೇಳಿ, ಆದರೆ ಒರಟಾಗಿ ಹೇಳಬೇಡಿ. ಎಡವಟ್ಟಾದದ್ದು ಅಲ್ಲೇ.

ಮೊದಲು ಹಂಫ್ರಿ ಕೂತರು.

"ಡಾಕ್ಟರೇ, ನಿಮ್ಮಂಥ ದೊಡ್ಡ ಮನುಷ್ಯರು ಇನ್ನೊಬ್ಬರ ಜಮೀನಿನಲ್ಲಿ ಕೇಳದೆ ಕಾಲಿಡೋರಲ್ಲ ಅಂತ ನಾನು ನಂಬಿದೀನಿ" ಎಂದ ವಕೀಲ. "ಸರಿ ತಾನೇ?"

ಹಂಫ್ರಿಗೆ ಬೆವರು ಬಂತು. ಇಲ್ಲ, ನಾನು ಕೇಳದೇ ನುಗ್ಗುತ್ತಿದ್ದೆ ಎಂದು ಇಡೀ ಊರಿನ ಮುಂದೆ ಹೇಗೆ ಹೇಳುವುದು? "ಛೇ, ಕೇಳದೇ ಹೋಗೋದು ಅಂದ್ರೆ… ಮೇಜರ್ ಬಹಳ ದೊಡ್ಡ ಮನಸ್ಸಿನೋರು" ಎಂದು ತೊದಲಿದರು.

"ಅಂದ್ರೆ ಅವರ ದಯೆಯಿಂದ ನಡೀತಿದ್ರಿ."

"ದಯೆ… ಹೌದು, ದಯಾಳುಗಳು."

ಆಮೇಲೆ ರೋಸಮಂಡ್ ಇಂಕ್‌ಪೆನ್. ಚರ್ಚಿಗೆ ಹೂ ಜೋಡಿಸುವಾಕೆ, ಊರಿನಲ್ಲಿ ಮೆದುಮಾತಿಗೆ ಇನ್ನೊಂದು ಹೆಸರು. ಅವರು ವರ್ಷವರ್ಷವೂ ಕ್ರಿಸ್‌ಮಸ್ಸಿಗೆ ಮೇಜರ್ ಮನೆಗೆ ಪ್ಲಮ್ ಜಾಮ್ ಕಳಿಸುತ್ತಿದ್ದರೆಂದು ವಕೀಲನಿಗೆ ಯಾರೋ ಹೇಳಿದ್ದರು.

"ಜಾಮ್ ಯಾತಕ್ಕಮ್ಮಾ? ಕಾಡಲ್ಲಿ ಓಡಾಡೋಕೆ ಬಿಟ್ಟಿದ್ದಕ್ಕೆ ಕೃತಜ್ಞತೆ ಅಂತಾನಾ?"

"ಕೃತಜ್ಞತೆ ಇಲ್ಲ ಅನ್ನೋಕಾಗುತ್ತಾ?" ಎಂದರು ರೋಸಮಂಡ್. ಜಾಮ್ ಅವರು ಊರಿನ ಪ್ರತಿ ಮನೆಗೂ ಕಳಿಸುತ್ತಿದ್ದರು. ಅಂಚೆಯವನಿಗೂ ಕೊಡುತ್ತಿದ್ದರು. ಆದರೆ ಅದನ್ನು ಹೇಳಿದರೆ ಸತ್ತ ಮೇಜರ್‌ಗೆ ಅವಮಾನವಾದೀತೆಂದು ಹೇಳಲಿಲ್ಲ.

ಹೀಗೆ ಒಬ್ಬೊಬ್ಬರೇ ಬಂದು ಕೂತು, ತಮ್ಮ ಸಭ್ಯತೆಯನ್ನು ಕಾಪಾಡಿಕೊಂಡು, ದಾರಿಯನ್ನು ಕಳೆದು ಎದ್ದುಹೋದರು. ಅಧಿಕಾರಿ ಬರೆದುಕೊಳ್ಳುತ್ತಲೇ ಇದ್ದರು. ಥರ್ಲ್‌ಬಿ ಕಾಲ ಮೇಲೆ ಕಾಲು ಹಾಕಿಕೊಂಡ. ಬಾಗಿಲ ಹತ್ತಿರ ಕೂತಿದ್ದ ಬೆರಿಲ್‌ಗೆ ಮೈ ಉರಿಯುತ್ತಿತ್ತು. ಇವರಲ್ಲಿ ಒಬ್ಬರೂ ಒಂದು ದಿನವೂ ಮೇಜರನ್ನು ಕೇಳಿದವರಲ್ಲ. ಕೇಳದೇ ಇದ್ದದ್ದೇ ಇವತ್ತು ಅವರ ಆಸ್ತಿ, ಅದನ್ನೇ ನಾಚಿಕೆಯಿಂದ ಮುಚ್ಚಿಡುತ್ತಿದ್ದಾರೆ. ಹಿಂದುಗಡೆ ಕೂತಿರಿ ಎಂದು ಹಂಫ್ರಿ ಹೇಳಿದ್ದನ್ನು ನೆನೆದು ಅವಳು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

ಆಗ ಕ್ಲೈವ್ ಬಾಗಿ ಅವಳ ಕಿವಿಯಲ್ಲಿ ಹೇಳಿದ. ಸಾಮಾನ್ಯವಾಗಿ ಇಂಥ ಕಡೆ ಅವಳ ಕೋಟು ಹಿಡಿದು ಕೂರಿಸುವವನು ಅವನು.

"ಎದ್ದು ಹೋಗು ಬೆರಿಲ್. ಎಲ್ಲರೂ ಸುಳ್ಳು ಹೇಳ್ತಿದಾರೆ. ನಿಜ ಹೇಳೋಕೆ ನೀನೊಬ್ಬಳೇ ಇರೋದು."

ಬೆರಿಲ್ ಎದ್ದಳು. "ನಾ ಒಂದು ಮಾತು ಹೇಳಬೇಕ್ರೀ" ಎಂದದ್ದು ಭವನದ ಮೂಲೆಮೂಲೆಗೂ ಕೇಳಿಸಿತು. ಹಂಫ್ರಿ ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ, ಬನ್ನಿ ಎಂದು ಕೈ ತೋರಿಸಿದರು.

ವಕೀಲ ಹೊಸ ನಗು ತಂದುಕೊಂಡ. "ಮಿಸೆಸ್ ಪೆಲ್ಲಿಂಗ್, ನೀವೂ ಮೇಜರ್ ಹೋಲ್‌ಫರ್ಡ್ ಅವರನ್ನ ಕೇಳೇ—"

"ಇಲ್ಲ ತಮ್ಮಾ."

"ಅಂದ್ರೆ?"

"ಕೇಳಿಲ್ಲ. ದಾರಿ ಇರೂದ ನಡೀಲಿಕ್ಕೆ. ಅದನ್ನ ಯಾರನ್ನ ಕೇಳೂದು?"

ಭವನದಲ್ಲಿ ಯಾರೋ ಕೆಮ್ಮಿದರು.

"ಅದು ಸಭ್ಯತೆ ಅಲ್ಲ ಅಂತ ನಿಮಗೆ ಅನ್ನಿಸ್ಲಿಲ್ವಾ?"

"ನನಗ ಸಭ್ಯತೆ ಇಲ್ಲಂತ ಈ ಊರಾಗ ಎಲ್ಲಾರಿಗೂ ಗೊತ್ತೈತಿ. ನೀನೊಬ್ಬಾವ ಉಳದಿದ್ದಿ, ನಿನಗೂ ಗೊತ್ತಾತು. ಮುಂದ ಕೇಳು."

"ಮೇಜರ್ ನಿಮ್ಮನ್ನ ನೋಡೇ ಇಲ್ವೇನೋ."

"ದಿನಾ ನೋಡ್ತಿದ್ರು. ಟೋಪಿ ಎತ್ತತಿದ್ರು. ಕ್ರಿಸ್‌ಮಸ್ ಮರುದಿನ ನಮ್ಮ ಸಾಲಿನ ಹಿಂದ ಬರ್ತಿದ್ರು. ಮೊದಲನೇ ಸಲ ಬಂದಾಗ ಕಾಡಿನ ಗೇಟು ಹಂಗ ತೆರದ ಬಿಟ್ಟು ಬಂದ್ರು. ನಾ ಮುಂದಿನಿಂದ ಕೂಗಿದೆ, 'ಹಿಂದಿನೋರು ಗೇಟು ಹಾಕ್ರಿ, ಕುರಿ ಒಳಗ ನುಗ್ಗಿದ್ರ ನಿಮ್ಮಪ್ಪ ಬಂದು ಹಿಡೀತಾನೇನು?' ಅಂತ."

"ಯಾರಿಗೆ? ಮೇಜರ್‌ಗಾ?"

"ಮೇಜರ್‌ಗೇ."

"ಅವರ ಗೇಟು. ಅವರ ಕಾಡು."

"ಅವರದ ಕುರಿ ಕೂಡ. ಅದಕ್ಕೇನೀಗ? ನಡಿಯೋರೊಳಗ ಕೊನೀಗೆ ಇದ್ದೋರು ಗೇಟು ಹಾಕಬೇಕು. ಅವರು ಹಿಂದಕ್ಕ ಹೋಗಿ ಹಾಕಿ ಬಂದ್ರು. ಅವತ್ತಿನಿಂದ ಸಾಯೂತನಕ ಒಂದು ಸಲಾನೂ ಮರೀಲಿಲ್ಲ. ಆ ಮನಷ್ಯಾ ನಮಗ ಅಪ್ಪಣೆ ಕೊಟ್ಟಿದ್ರ, ಕೆಲಸದಾಳಿಗೆ ಕೂಗಿದಂಗ ನಾ ಕೂಗಿದಾಗ ಸುಮ್ನ ಕೇಳ್ತಿದ್ರೇನು?"

ಅಧಿಕಾರಿಯ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡತೊಡಗಿತು. ಥರ್ಲ್‌ಬಿ ಕಾಲು ಕೆಳಗಿಳಿಸಿದ.

ವಕೀಲ ಸೋಲುವ ಹುಡುಗನಲ್ಲ. "ಒಪ್ಪಿದೆ. ನೀವು ಕೇಳ್ಲಿಲ್ಲ. ಆದ್ರೆ ಒರಟಾದ ಒಬ್ಬ ಹೆಂಗಸು ಅಂದ್ರೆ ಜನ ಅಲ್ಲ. ಉಳಿದವರೆಲ್ಲ ಅಪ್ಪಣೆ ಇತ್ತು ಅಂತ ಇಲ್ಲೇ ಹೇಳಿದಾರೆ."

ಬೆರಿಲ್ ಕುರ್ಚಿಯಲ್ಲೇ ಜನರತ್ತ ಪೂರ್ತಿ ತಿರುಗಿ ಕೂತಳು.

"ರೋಸಮಂಡ್. ನೀ ಮೇಜರನ್ನ ಯಾವಾಗ ಕೇಳಿದಿ? ಎಲ್ಲಿ ಕೇಳಿದಿ? ಅವರು ಏನಂದ್ರು?"

ರೋಸಮಂಡ್ ಕೈಗವಸು ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಕತ್ತಿನಿಂದ ಕೂದಲವರೆಗೆ ಕೆಂಪಾದರು.

"ಬೆರಿಲ್, ಇಷ್ಟು ಜನರ ಮುಂದೆ…"

"ಇಷ್ಟ ಮಂದಿ ಮುಂದನ ಹೇಳಬೇಕು. ನೀ ನಾಚಿಕೊಂಡ್ರ ದಾರಿ ಹೋಗ್ತೈತಿ."

ರೋಸಮಂಡ್ ಎದ್ದು ನಿಂತರು. "ಕೇಳ್ಲಿಲ್ಲ. ಯಾವತ್ತೂ ಕೇಳ್ಲಿಲ್ಲ. ಕೇಳಬೇಕು ಅಂತ ಹೊಳೀಲೇ ಇಲ್ಲ. ಜಾಮ್ ಎಲ್ಲರಿಗೂ ಕೊಡ್ತೀನಿ. ನಮ್ಮ ಬೆರಿಲ್ ಮುಂದೆ ಹೋಗ್ತಿದ್ಳು, ನಾವು ಹಿಂದೆ ಹೋಗ್ತಿದ್ವಿ, ಅಷ್ಟೇ. ದಯವಿಟ್ಟು ಕ್ಷಮಿಸಿ."

ಬೆರಿಲ್ ಉಳಿದದ್ದೇನನ್ನೂ ಕೇಳಿಸಿಕೊಳ್ಳಲಿಲ್ಲ. ನಮ್ಮ ಬೆರಿಲ್ ಎಂಬ ಮಾತನ್ನು ಆ ಊರಿನಲ್ಲಿ ಅವಳು ಅದೇ ಮೊದಲ ಸಲ ಕೇಳಿದ್ದು. ಬಾಯಿ ಇದ್ದವಳಿಗೆ ಆ ಗಳಿಗೆಯಲ್ಲಿ ಬಾಯಿ ಇಲ್ಲದೇ ಹೋಯಿತು.

ಅದರ ಅಗತ್ಯವೂ ಬೀಳಲಿಲ್ಲ. ಹಂಫ್ರಿ ಎದ್ದು ನಿಂತಿದ್ದರು. "ಮೇಡಂ, ನಾನು ಈಗಷ್ಟೇ ಹೇಳಿದ್ದು ತಪ್ಪು. ನಾನೂ ಕೇಳ್ಲಿಲ್ಲ. ಹಾಗೇ ನುಗ್ತಿದ್ದೆ. ಸಾರಿ." ಅವರ ಹಿಂದೆ ಪಬ್ಬಿನ ಯಜಮಾನ ಎದ್ದ. "ನಾನೂ ಅಷ್ಟೇ. ನಾಯಿ ಬೇರೆ ಕರ್ಕೊಂಡು ಹೋಗ್ತಿದ್ದೆ. ಸಾರಿ." ಅಂಗಡಿಯವನು ಎದ್ದ. ಗಂಟೆ ಬಾರಿಸುವ ಅಜ್ಜ ಪಕ್ಕದವನ ಹೆಗಲು ಹಿಡಿದು ಎದ್ದ. ಸಾಲುಸಾಲಾಗಿ ಎದ್ದರು. ತಾವು ಎಂಥ ಒರಟರು, ಎಷ್ಟು ನಾಚಿಕೆಗೆಟ್ಟವರು, ಹೇಗೆ ಹೇಳದೆ ಕೇಳದೆ ಇನ್ನೊಬ್ಬರ ಕಾಡಿನಲ್ಲಿ ತಿರುಗಿದವರು ಎಂದು ವಿಂಚ್‌ಲೀಯ ಜನ ಒಬ್ಬರ ಮೇಲೊಬ್ಬರು ಪೈಪೋಟಿಯ ಮೇಲೆ ಒಪ್ಪಿಕೊಂಡರು, ಒಪ್ಪಿಕೊಂಡದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡರು. ವಕೀಲ ಕಾಗದಗಳನ್ನು ಜೋಡಿಸಿಕೊಂಡ. ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಕ್ಲೈವ್ ಎದ್ದು, "ನಾನು ಅವಳ ಗಂಡ" ಎಂದಷ್ಟೇ ಹೇಳಿ ಕೂತ. ಅವನ ಮುಖದಲ್ಲಿದ್ದ ಹೆಮ್ಮೆಯನ್ನು ಊರು ಹಿಂದೆಂದೂ ನೋಡಿರಲಿಲ್ಲ.

ವಸಂತದಲ್ಲಿ, ಕಾಡಿನ ತಳವೆಲ್ಲ ನೀಲಿ ಗಂಟೆಹೂ ಹಾಸಿಕೊಂಡ ಹೊತ್ತಿಗೆ ತೀರ್ಮಾನ ಬಂತು. ದಾರಿ ಜನರದ್ದು. ಬೀಗ ತೆಗೆಯಬೇಕು, ಹಲಗೆ ಕೀಳಬೇಕು. ಹಲಗೆಯನ್ನು ಕಿತ್ತವನು ಕ್ಲೈವ್. ಮೊಳೆಗಳನ್ನು ಒಂದೂ ಬಾಗದಂತೆ ತೆಗೆದ. ಆ ಸಂಜೆ 'ನೇಗಿಲು' ಪಬ್ಬಿನಲ್ಲಿ ಬೆರಿಲ್‌ಗೆ ತನ್ನ ಪರ್ಸಿನ ಹತ್ತಿರ ಕೈಯಿಡಲೂ ಬಿಡದೆ ಒಬ್ಬರಾದ ಮೇಲೊಬ್ಬರು ಬಿಯರು ತಂದಿಟ್ಟರು. ಹಂಫ್ರಿ ಬಂದು ಬೆಕ್ಕಿನ ಆರೋಗ್ಯ ವಿಚಾರಿಸಿದರು. ಅದು ಕ್ಷಮೆ ಎಂದು ಅವಳಿಗೆ ಅರ್ಥವಾಯಿತು. "ಬೆಕ್ಕು ಆರಾಮ ಐತಿ, ಕೂಡ್ರಿ" ಎಂದಳು.

ಆ ವರ್ಷದ ಕ್ರಿಸ್‌ಮಸ್ ಮರುದಿನ ಹಿಂದೆಂದೂ ಸೇರದಷ್ಟು ಜನ ಚರ್ಚಿನ ಮುಂದೆ ಸೇರಿದರು. ನೆಲ ಹಿಮಗಟ್ಟಿ ಬೂಟಿನಡಿ ಕರಕರ ಎನ್ನುತ್ತಿತ್ತು. ತಡಮೆ ದಾಟಿ ಹೊಲದ ನಡುವೆ ಬಂದಾಗ ಮುಂದಿದ್ದ ಬೆರಿಲ್ ನಿಂತುಬಿಟ್ಟಳು. ಕಾಡಿನ ಗೇಟಿನ ಹತ್ತಿರ ಹೊಸ ಕೋಟು, ಹೊಸ ಬೂಟು ಹಾಕಿಕೊಂಡು ಥರ್ಲ್‌ಬಿ ನಿಂತಿದ್ದ. ಒಂದು ಕೈಯಲ್ಲಿ ಗೇಟನ್ನು ಅಗಲಕ್ಕೆ ತೆರೆದು ಹಿಡಿದಿದ್ದ.

ಬೆರಿಲ್ ಹಿಂದಕ್ಕೆ ತಿರುಗಿ ದಂಡನ್ನೆಲ್ಲ ದಿಟ್ಟಿಸಿದಳು. "ಕೇಳ್ರಿ ಇಲ್ಲಿ. ಯಾರೂ ಥ್ಯಾಂಕ್ಸ್ ಅನ್ನಂಗಿಲ್ಲ. ಬಾಯಿ ಬಿಗಿ ಹಿಡ್ಕೊಂಡು ದಾಟ್ರಿ."

ಗೇಟು ಹಿಡಿದವನಿಗೆ ಥ್ಯಾಂಕ್ಸ್ ಹೇಳದೆ ದಾಟುವುದು ವಿಂಚ್‌ಲೀಯವರಿಗೆ ಉಸಿರು ಬಿಗಿಹಿಡಿದು ಕೆರೆ ದಾಟಿದಷ್ಟು ಕಷ್ಟ. ಆದರೂ ದಾಟಿದರು. ರೋಸಮಂಡ್ ಆಕಾಶ ನೋಡುತ್ತ ದಾಟಿದರು. ಹಂಫ್ರಿಯ ಬಾಯಿಂದ "ಥ್ಯಾಂ" ಎಂದು ಹೊರಟದ್ದನ್ನು ಕೆಮ್ಮಾಗಿ ತಿರುಗಿಸಿಕೊಂಡರು. ಕ್ಲೈವ್ ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡೇ ನಡೆದ. ಯಾರಾದರೂ ಜಾರಿಬಿಟ್ಟಾರೆಂದು ಬೆರಿಲ್ ಗೇಟಿನ ಪಕ್ಕದಲ್ಲೇ ನಿಂತು ಎಲ್ಲರನ್ನೂ ದಾಟಿಸಿದಳು. ಕೊನೆಗೆ ಉಳಿದವರು ಅವರಿಬ್ಬರೇ.

ಮುಂದೆ ಬೀಚ್ ಮರಗಳ ಕೆಳಗಿನಿಂದ ಜನರ ಮಾತು, ಮಕ್ಕಳ ಕೂಗು, ಪಬ್ಬಿನ ಯಜಮಾನನ ನಾಯಿಯ ಬೊಗಳು ಕೇಳುತ್ತಿತ್ತು. ಥರ್ಲ್‌ಬಿ ಅತ್ತ ನೋಡಿದ, ತನ್ನ ಹೊಸ ಬೂಟು ನೋಡಿಕೊಂಡ, ಗಂಟಲು ಸರಿಮಾಡಿಕೊಂಡ.

"ಮಿಸೆಸ್ ಪೆಲ್ಲಿಂಗ್, ನಿಮ್ಮ ಅಭ್ಯಂತರ ಇಲ್ಲ ಅಂದ್ರೆ… ನಾನೂ ಬರಬಹುದಾ?"

ಬೆರಿಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇದರಾಗ ಕೇಳೂದೇನೈತಿ? ದಾರಿ ಐತಿ, ನಡೀರಿ" ಎಂದಳು. "ಹಿಂದಿನೋರು ಗೇಟು ಹಾಕಬೇಕು."

ಥರ್ಲ್‌ಬಿ ಗೇಟು ಎಳೆದು, ಚಿಲಕ ಹಾಕಿ, ಅಲ್ಲಾಡಿಸಿ ನೋಡಿ, ಸಾಲಿನ ಬಾಲಕ್ಕೆ ಬಂದು ಸೇರಿಕೊಂಡ.